ಶನಿಗೆ ಕೊಟ್ಟ ಕಬ್ಬಿಣ

ದೊಡ್ಡ ಇಸ್ತ್ರಿ ಯಂತ್ರದ ಬಾಯಿಗೆ ಅಡ್ಡವಾಗಿದ್ದ ಕಬ್ಬಿಣದ ಕಂಬಿಯನ್ನು ಯಜಮಾನರು ಬಿಚ್ಚಿಸಿದರು. ಚಾದರ ತಳ್ಳುವವರ ಬೆರಳು ತಗುಲಿದರೆ ಯಂತ್ರವನ್ನು ನಿಲ್ಲಿಸುತ್ತಿದ್ದ ಕಂಬಿ ಅದು. ಯಂತ್ರ ನಿಂತರೆ ಕೆಲಸ ತಡವಾಗುತ್ತಿತ್ತು.

ಅದೇ ದಿನ, ಗಂಜಿರಾಯನಿಗೆ ಸಿಗಬೇಕಾಗಿದ್ದ ಮೇಸ್ತ್ರಿ ಕುರ್ಚಿ ಅವನ ಷಡ್ಡಕನಿಗೆ ಸಿಕ್ಕಿತು. ಈ ಎರಡರಲ್ಲಿ ದೊಡ್ಡ ಅನ್ಯಾಯ ಯಾವುದೆಂದು ಗಂಜಿರಾಯನನ್ನು ಕೇಳಿದ್ದರೆ, "ಯಾವ ಕಂಬಿ?" ಎನ್ನುತ್ತಿದ್ದ.

ಹೋಟೆಲು, ಆಸ್ಪತ್ರೆಗಳ ಚಾದರ, ದಿಂಬಿನ ಚೀಲಗಳನ್ನು ಒಗೆದು ಇಸ್ತ್ರಿ ಮಾಡಿ ಕಳಿಸುವ ಕಾರ್ಖಾನೆ ಅದು. ಒಂದು ತುದಿಯಲ್ಲಿ ಗಂಜಿಯ ತೊಟ್ಟಿ, ಇನ್ನೊಂದು ತುದಿಯಲ್ಲಿ ಕಾದ ಉರುಳೆಯ ಇಸ್ತ್ರಿ ಯಂತ್ರ, ನಡುವೆ ಹಬೆ. ತೊಟ್ಟಿಯ ಬಳಿ ನಮ್ಮವನು. ದಿನವಿಡೀ ಬಟ್ಟೆಗೆ ಗಂಜಿ ಹಾಕಿ, ಸಂಜೆ ಬೀದಿಗಿಳಿದರೆ ತನಗೂ ಒಂದು ಬೋಗುಣಿ ಸುರಿದುಕೊಂಡವನಂತೆ ಸೆಟೆದು ನಡೆಯುತ್ತಿದ್ದ. ಹಾಗಾಗಿ ಗಂಜಿರಾಯ. ಯಂತ್ರದ ಪಕ್ಕದಲ್ಲಿ, ಇಡೀ ಕಾರ್ಖಾನೆಗೆ ಇದ್ದ ಏಕೈಕ ಕಿಟಕಿಯ ಕೆಳಗೆ, ಕೈಯಿರುವ ಒಂದು ಎತ್ತರದ ಕುರ್ಚಿ. ಅದರಲ್ಲಿ ಕೂತವನಿಗೆ ಗಾಳಿ. ಉಳಿದವರಿಗೆಲ್ಲ ಬೆವರು. ಹಳೆಯ ಮೇಸ್ತ್ರಿ ಕೆಲಸ ಬಿಟ್ಟ ದಿನವೇ ಗಂಜಿರಾಯ ಮನೆಗೆ ಹೋಗಿ, "ಇನ್ನು ನಾನೇ ಮೇಸ್ತ್ರಿ" ಎಂದು ಅತ್ತೆಗೆ ಹೇಳಿಬಿಟ್ಟಿದ್ದ. ಅತ್ತೆ ಇದ್ದದ್ದು ಅವನ ಮನೆಯಲ್ಲಿ, ಉಣ್ಣುತ್ತಿದ್ದದ್ದು ಅವನ ತಟ್ಟೆಯಲ್ಲಿ, ಹೊಗಳುತ್ತಿದ್ದದ್ದು ಮಾತ್ರ ಕಿರಿಯ ಅಳಿಯನನ್ನು. ಆ ಬಾಯಿಗೊಂದು ಬೀಗ ಬೇಕಿತ್ತು. ಕುರ್ಚಿಯೇ ಬೀಗ ಎಂದು ಅವನು ನಂಬಿದ್ದ.

ಕುರ್ಚಿಯನ್ನು ತಪ್ಪಿಸಿದ್ದು ಒಂದು ಗ್ರಹ.

ಯಜಮಾನರಿಗೆ ಏಳರಾಟದ ಶನಿ ನಡೆಯುತ್ತಿತ್ತು. ಹಾಗೆಂದು ಯಾರೋ ಹೇಳಿದ್ದೇ ತಡ, ಅವರು ಮೆಟ್ಟಿಲಿನಲ್ಲಿ ಎಡವಿದರೂ ಶನಿ, ಗಿರಾಕಿ ತಕರಾರು ತೆಗೆದರೂ ಶನಿ ಎನ್ನತೊಡಗಿದರು. ಕೊನೆಗೆ ಪುರಾಣವನ್ನೂ ಮನಶ್ಶಾಸ್ತ್ರವನ್ನೂ ಕಲಸಿ ಗ್ರಹಗಳ ಅರ್ಥ ಹೇಳುವ ಒಬ್ಬ ವಿದುಷಿಯನ್ನು ಕರೆಸಿದರು. ಕೆಲಸಗಾರರ ಜನ್ಮದ ವಿವರ ನೋಡಿ ಯಾರಲ್ಲಿ ಯಾವ ಗ್ರಹ ಬಲವಾಗಿದೆಯೆಂದು ಹೇಳಬೇಕು, ಅದರಂತೆ ಕೆಲಸ ಹಂಚಬೇಕು ಎಂಬುದು ಅವರ ಆಸೆ. ಮಡಿಸುವ ಮೇಜುಗಳನ್ನು ಒತ್ತರಿಸಿ ಎಲ್ಲರನ್ನೂ ನೆಲದ ಮೇಲೆ ಕೂರಿಸಿದರು. ಗ್ರಹದ ಮೇಡಂ ಒಬ್ಬೊಬ್ಬರನ್ನೇ ಕರೆದು ಹೇಳುತ್ತ ಬಂದರು. ಷಡ್ಡಕನ ಸರದಿ ಬಂತು.

"ನಿಮಗೆ ಗುರುಬಲ."

ಯಜಮಾನರು ಗಲ್ಲ ತುರಿಸಿಕೊಂಡು ಷಡ್ಡಕನ ಕಡೆ ನೋಡಿ ನಕ್ಕರು. ತನ್ನ ಸರದಿಗೆ ಎದ್ದು ನಿಂತ ಗಂಜಿರಾಯ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಒಂದೇ ಮನೆಯ ಅಳಿಯಂದಿರು. ಅವನಿಗೆ ಗುರುವಾದರೆ ತನಗೆ ಕಡೇಪಕ್ಷ ಸೂರ್ಯ.

"ನಿಮಗೆ ಶನಿ," ಎಂದರು ಮೇಡಂ.

"ಬೇರೆ ಯಾವ್ದೂ ಖಾಲಿ ಇಲ್ವಾ ಮೇಡಂ?"

ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. "ಶನಿ ಅಂದ್ರೆ ಬೈಗುಳ ಅಲ್ಲ, ಕೇಳಿ. ಸೂರ್ಯನ ಕಾವು ತಾಳಲಾರದೆ ಅವನ ಹೆಂಡತಿ ತವರಿಗೆ ಹೊರಟಳು. ಗಂಡನಿಗೆ ಗೊತ್ತಾಗದ ಹಾಗೆ ತನ್ನ ನೆರಳನ್ನು ಮನೆಯಲ್ಲಿ ಬಿಟ್ಟು ಹೋದಳು."

ಯಂತ್ರಕ್ಕೆ ಚಾದರ ತಳ್ಳುತ್ತಿದ್ದ ಹಿರಿಯ ಹೆಂಗಸನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಆಕೆ ಹಿಂದಿನಿಂದ ಕೂಗಿದಳು: "ಅಯ್ಯೋ, ಈ ಉಪಾಯ ಮೊದಲೇ ಹೇಳಬಾರದಿತ್ತಾ ತಾಯಿ? ನಂದು ಅರ್ಧ ಆಯಸ್ಸು ಉಳೀತಿತ್ತು!"

"ಆ ನೆರಳಿನ ಮಗನೇ ಶನಿ," ಮೇಡಂ ಮುಂದುವರಿಸಿದರು. "ಮಗು ಕಪ್ಪಗಿದೆ, ನನ್ನದಲ್ಲ ಅಂದ ಅಪ್ಪ. ಒಂದು ಮನೆಯಲ್ಲಿ ಹುಟ್ಟಿಯೂ ಹೊರಗಿನವನಾದ. ಮನಸ್ಸಿನ ಮಾತಿನಲ್ಲಿ ಹೇಳೋದಾದ್ರೆ, ನಮ್ಮೊಳಗಿನ ಶನಿ ಅಂದ್ರೆ ನಮಗೆ ಸಿಗದೇ ಹೋದದ್ದು. ಪಕ್ಕದವನಿಗೆ ಸಿಕ್ಕಾಗ ಉರಿಯುತ್ತಲ್ಲ, ಆ ಉರಿ. ಆದ್ರೆ ಅವನಷ್ಟು ತಾಳ್ಮೆ ಯಾರಿಗೂ ಇಲ್ಲ. ದುಡಿಯೋರ ಗ್ರಹ ಅವನು. ನಿಧಾನ ನಡೀತಾನೆ, ಆದ್ರೆ ಯಾರು ಏನು ಮಾಡಿದ್ರು ಅನ್ನೋದನ್ನ ಮರೆಯಲ್ಲ."

"ಮತ್ತೆ ದೃಷ್ಟಿ?" ಯಜಮಾನರು ಕೇಳಿದರು. ದನಿ ಸಣ್ಣಗಾಗಿತ್ತು.

"ಅದೂ ಒಂದು ಕಥೆ. ಪಾರ್ವತಿಯ ಮಗು ನೋಡೋಕೆ ದೇವತೆಗಳೆಲ್ಲ ಬಂದ್ರು. ಶನಿ ತಲೆ ತಗ್ಗಿಸಿ ನಿಂತಿದ್ದ. ನನ್ನ ಕಣ್ಣಿಗೆ ಶಾಪ ಇದೆ ತಾಯಿ, ನೋಡಲ್ಲ ಅಂದ. ಪರವಾಗಿಲ್ಲ, ನೋಡು ಅಂದ್ಲು. ನೋಡಿದ. ಮಗುವಿನ ತಲೆ ಹೋಯ್ತು. ನೋಡು ಅಂದವಳು ತಾಯಿ, ಹೆಸರು ಕೆಟ್ಟದ್ದು ಅವನದು."

ಇಷ್ಟು ದೊಡ್ಡ ಕಥೆಯಲ್ಲಿ ಯಜಮಾನರು ಹಿಡಿದುಕೊಂಡದ್ದು ತಲೆ ಹೋದ ಭಾಗವನ್ನು ಮಾತ್ರ. "ಪರಿಹಾರ?" ಎಂದರು.

"ಕಬ್ಬಿಣ ಶನಿಯ ಲೋಹ. ದಾನ ಕೊಡ್ತಾರೆ. ಅದಕ್ಕಿಂತ ಒಳ್ಳೇದು, ಕಷ್ಟಪಡೋರ ಕೆಲಸ ಹಗುರ ಮಾಡೋದು."

ಎರಡು ಪರಿಹಾರಗಳಲ್ಲಿ ಅಗ್ಗವಾದದ್ದನ್ನು ಆರಿಸುವ ಬುದ್ಧಿ ಇಲ್ಲದಿದ್ದರೆ ಅವರು ಯಜಮಾನರೇ ಆಗುತ್ತಿರಲಿಲ್ಲ. ಹೊರಗೆ ಹೋದವರು ಗುಜರಿ ರಾಶಿಯ ಮೇಲೆ ಬಿದ್ದಿದ್ದ ಒಂದು ಉದ್ದನೆಯ ಕಂಬಿಯನ್ನು ತಂದರು. ಎಲ್ಲರೆದುರು, ಮುಖ ಬೇರೆ ಕಡೆ ತಿರುಗಿಸಿಕೊಂಡು, ಅದನ್ನು ಗಂಜಿರಾಯನ ಕೈಗಿಟ್ಟರು.

"ಇಟ್ಕೋಪ್ಪ. ಇನ್ಮೇಲೆ ನನ್ನ ಮುಂದೆ ಬಂದ್ರೆ ಕಣ್ಣು ಕೆಳಗೆ ಹಾಕ್ಕೊಂಡೇ ನಿಲ್ಲು. ತಿಳೀತಾ?"

ದೊಡ್ಡಮ್ಮ ಕಂಬಿಯನ್ನು ನೋಡಿದಳು, ಯಂತ್ರದ ಕಡೆ ನೋಡಿದಳು, ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಯಜಮಾನರು ಷಡ್ಡಕನನ್ನು ಹೊಸ ಮೇಸ್ತ್ರಿಯೆಂದು ಸಾರಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಗಂಜಿರಾಯನ ಕೈಯಲ್ಲಿ ಕಂಬಿಯಿತ್ತು, ಕಣ್ಣು ಕುರ್ಚಿಯ ಮೇಲಿತ್ತು. ವರ್ಷಗಟ್ಟಲೆ ಅದೇ ಛಾವಣಿಯ ಕೆಳಗೆ ದುಡಿದವನು ಆ ಕಂಬಿಯನ್ನು ಕಂಡಿದ್ದ, ನೋಡಿರಲಿಲ್ಲ. ಹೊಟ್ಟೆ ಉರಿಯುವಾಗ ಹೊಗೆ ಮೊದಲು ಕಣ್ಣಿಗೇ ಬರುತ್ತದೆ.

ಬರಿಗೈಯಲ್ಲಿ ಮನೆಗೆ ಹೋಗುವುದಕ್ಕಿಂತ ಕಬ್ಬಿಣ ಹೊತ್ತು ಹೋಗುವುದು ಮೇಲು. ಕಂಬಿಯನ್ನು ಹೆಗಲ ಮೇಲಿಟ್ಟು, ಗದೆ ಹೊತ್ತವನ ಠೀವಿಯಲ್ಲಿ ಬೀದಿಯುದ್ದಕ್ಕೂ ನಡೆದ. ಕೇಳಿದವರಿಗೂ ಕೇಳದವರಿಗೂ, "ಯಜಮಾನ್ರು ತಾವಾಗಿ ಕೊಟ್ರು" ಎಂದ.

"ಕುರ್ಚಿ?" ಎಂದಳು ಹೆಂಡತಿ.

"ಕುರ್ಚಿ ಮರದ್ದು ಕಣೇ. ಇದು ಕಬ್ಬಿಣ."

ಅತ್ತೆ ಕಾಲಿನ ಊತಕ್ಕೆ ಹಾಕಿಕೊಳ್ಳುವ ಉಣ್ಣೆಯ ಕಾಲುಚೀಲ ಹಿಂಡುತ್ತಿದ್ದರು. "ಕಿರಿ ಅಳಿಯಂದ್ರಿಗೆ ಮೇಸ್ತ್ರಿ ಕೆಲಸ ಆಯ್ತಂತೆ. ಆಗಲೇ ಬಂದು ಕಾಲಿಗೆ ಬಿದ್ದು ಹೋದ್ರು. ಅವರಿಗೆ ಗುರುವಂತೆ," ಎಂದರು. ಆಮೇಲೆ ಕಂಬಿಯನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ನಿಮಗೆ ಇದು. ಇರಲಿ ಬಿಡಿ, ಬಟ್ಟೆ ಒಣಗೋಕೆ ಆಗುತ್ತೆ," ಎಂದರು.

ಹೀಗೆ ಶನಿಯ ಲೋಹ ಅಡುಗೆಮನೆಯ ಎರಡು ಗೋಡೆಗಳ ನಡುವೆ ಅಡ್ಡವಾಗಿ ಏರಿತು. ಅದರಿಂದ ಅತ್ತೆಯ ಕಾಲುಚೀಲಗಳು ತೊಟ್ಟಿಕ್ಕತೊಡಗಿದವು.

ಸುದ್ದಿ ಬೀದಿಗೆ ಬಿತ್ತು. ಗಂಜಿರಾಯನಲ್ಲಿ ಶನಿ ಇದಾನಂತೆ, ಸ್ವತಃ ಯಜಮಾನರೇ ಹೆದರಿ ಕಬ್ಬಿಣ ಕೊಟ್ಟರಂತೆ. ಮೂಲೆಯ ಕ್ಷೌರದ ಅಂಗಡಿಯವನು ಅವನನ್ನು ಕೂರಿಸುವ ಮುಂಚೆ ಕನ್ನಡಿಗೆ ಟವೆಲ್ ಹೊದಿಸಿದ.

"ಇದೇನಯ್ಯ?"

"ನಿನ್ನ ದೃಷ್ಟಿ ತಿರುಗಿ ನಿಂಗೇ ಹೊಡೆದ್ರೆ? ಕಣ್ಣು ಮುಚ್ಕೋ, ಕತ್ತಿ ಕೈಯಲ್ಲಿದೆ." ಅರ್ಧ ಗಡ್ಡ ಕೆರೆದವನು ಕಿವಿಯ ಬಳಿ ಬಗ್ಗಿದ. "ಒಂದು ಉಪಕಾರ ಆಗ್ಬೇಕಲ್ಲ. ಎದುರಿಗೆ ಹೊಸದಾಗಿ ಒಬ್ಬ ಅಂಗಡಿ ಇಟ್ಟಿದಾನೆ ನೋಡು. ಗಾಜಿನ ಬಾಗಿಲಂತೆ. ಹೋಗ್ತಾ ಹೋಗ್ತಾ ಒಂದ್ಸಲ ಹಂಗೆ ನೋಡ್ಕೊಂಡು ಹೋಗ್ತೀಯಾ?"

ಗಂಜಿರಾಯ ಹೋಗುತ್ತ ನೋಡಿದ. ಆ ಗಾಜನ್ನು ಎಷ್ಟು ಚೆನ್ನಾಗಿ ಒರೆಸಿದ್ದರೆಂದರೆ, ಸಂಜೆ ಒಬ್ಬ ಗಿರಾಕಿ ಅದು ಇಲ್ಲವೆಂದೇ ತಿಳಿದು ಮೂಗಿನ ಸಮೇತ ಒಳಹೊಕ್ಕ. ಬಾಗಿಲು ಪುಡಿಯಾಯಿತು.

ಅಲ್ಲಿಂದ ಶುರು. ಮರುದಿನ ಮೇಲ್ಮಹಡಿಯ ಟೀಚರಮ್ಮ ಮೆಟ್ಟಿಲಿಳಿದು ಬಂದರು. ಕೈಯಲ್ಲೊಂದು ಫೋಟೋ.

"ಫೋಟೋ ನೋಡಿದ್ರೂ ಕೆಲಸ ಆಗುತ್ತಾ?"

"ಯಾರಿವರು?"

"ನಮ್ಮ ಓರಗಿತ್ತಿ. ದೊಡ್ಡ ಫ್ರಿಜ್ ತಗೊಂಡಿದಾಳೆ. ಅವಳಿಗೇನೂ ಆಗೋದು ಬೇಡಪ್ಪ, ನಾನು ಅಂಥವಳಲ್ಲ. ಒಳಗಿನ ಐಸು ಕರಗಿದ್ರೆ ಸಾಕು."

ತಮ್ಮನ ಹೊಸ ಮನೆ ನೋಡು ಎಂದು ಅಣ್ಣ ಬಂದ. ಅಣ್ಣನ ಹಳೇ ಮನೆಯಲ್ಲಿ ಗಾಳಿ ಚೆನ್ನಾಗಿದೆ, ನೋಡು ಎಂದು ತಮ್ಮನೂ ಬಂದ. ಬೀದಿಯಲ್ಲಿ ಇಷ್ಟೊಂದು ಹೊಟ್ಟೆಗಳು ಉರಿಯುತ್ತಿವೆಯೆಂದು ಗಂಜಿರಾಯನಿಗೆ ತಿಳಿದಿರಲಿಲ್ಲ. ಆ ಕಾವನ್ನೆಲ್ಲ ಒಂದು ಕೊಳವೆಗೆ ಕೂಡಿಸಿದ್ದರೆ ಕಾರ್ಖಾನೆಯ ಬಾಯ್ಲರಿಗೆ ಬೇರೆ ಇಂಧನ ಬೇಕಾಗುತ್ತಿರಲಿಲ್ಲ. ವಿಶೇಷವೆಂದರೆ, ಯಜಮಾನರ ಮೂರಂತಸ್ತಿನ ಮನೆಯನ್ನು ನೋಡು ಎಂದು ಒಬ್ಬರೂ ಬರಲಿಲ್ಲ. ಹೊಟ್ಟೆಕಿಚ್ಚಿಗೆ ಪಕ್ಕದ ಗೋಡೆಯವರೆಗೆ ಮಾತ್ರ ಕಣ್ಣು ಕಾಣುತ್ತದೆ. ನಾವು ಒಬ್ಬರನ್ನೊಬ್ಬರು ನೋಡಿ ಉರಿಯುತ್ತಿರುವವರೆಗೆ ಮೂರನೆಯವನ ಮನೆ ತಣ್ಣಗಿರುತ್ತದೆ.

ಐಸು ನಿಜಕ್ಕೂ ಕರಗಿತು. ಕರೆಂಟು ಹೋಗಿತ್ತು, ಟೀಚರಮ್ಮನ ಮನೆಯದೂ ಹೋಗಿತ್ತು, ಆದರೆ ಅದನ್ನು ಯಾರು ಕೇಳುತ್ತಾರೆ? ಗಂಜಿರಾಯನಿಗೆ ತನ್ನ ಕಣ್ಣಿನ ಮೇಲೆ ಭಯಭಕ್ತಿ ಮೂಡಿತು. ಅಂಥ ಕಣ್ಣನ್ನು ಕಂಡವರ ಕೆಲಸಕ್ಕೆ ಬಳಸಿ ಸ್ವಂತಕ್ಕೆ ಬಳಸದಿರುವುದು ಅಪಚಾರವಾಗುತ್ತದೆಯೆಂದು ತೀರ್ಮಾನಿಸಿದ.

ಮಾರನೆಯ ಬೆಳಿಗ್ಗೆಯಿಂದ ತೊಟ್ಟಿಯ ಬಳಿ ನಿಂತು, ಹಬೆಯ ಆಚೆಗೆ, ಷಡ್ಡಕನನ್ನು ನೋಡತೊಡಗಿದ. ಕೈ ಗಂಜಿ ಕಲಸುತ್ತಿತ್ತು, ಕಣ್ಣು ಕಲಸುತ್ತಿದ್ದದ್ದು ಬೇರೆ. ಷಡ್ಡಕ ಬಿಳಿ ಕೋಟು ಹಾಕಿದ್ದ, ನೋಡಿದ. ಕಿಟಕಿಯ ಗಾಳಿಗೆ ಷಡ್ಡಕನ ಕೂದಲು ಹಾರಿತು, ನೋಡಿದ. ಷಡ್ಡಕ ಕುರ್ಚಿಯ ಕೈ ಮೇಲೆ ಮೊಣಕೈ ಊರಿ ಚಹಾ ಕುಡಿದ. ಅದನ್ನಂತೂ ರೆಪ್ಪೆ ಬಡಿಯದೆ ನೋಡಿದ. ಅಂದು ಕೆಲವು ದಿಂಬಿನ ಚೀಲಗಳಿಗೆ ಎಷ್ಟು ಗಂಜಿ ಬಿತ್ತೆಂದರೆ, ಅವುಗಳನ್ನು ಹಲಗೆಯ ಹಾಗೆ ಗೋಡೆಗೆ ಒರಗಿಸಿ ನಿಲ್ಲಿಸಬೇಕಾಯಿತು.

ಮಧ್ಯಾಹ್ನ ಒಂದು ದೊಡ್ಡ ಹೋಟೆಲಿನ ಮ್ಯಾನೇಜರನ್ನು ಯಜಮಾನರು ಕರೆತಂದರು. ಯಂತ್ರ ಎಷ್ಟು ವೇಗವಾಗಿ ಓಡುತ್ತದೆಂದು ತೋರಿಸಬೇಕಿತ್ತು. ದೊಡ್ಡಮ್ಮ ಕೈ ಕಟ್ಟಿ ನಿಂತಳು.

"ಇಷ್ಟು ಜೋರಾಗಿ ಓಡಿಸಿದ್ರೆ ನಾನು ತಳ್ಳಲ್ಲ. ಮೊದಲು ಕಂಬಿ ಹಾಕ್ಸಿ."

"ಹೆದರ್ತೀಯಲ್ಲ ದೊಡ್ಡಮ್ಮ," ಎಂದ ಷಡ್ಡಕ ಕುರ್ಚಿಯಿಂದಿಳಿದು. ಯಜಮಾನರ ಕಣ್ಣು ಅವನ ಮೇಲಿತ್ತು. "ಸರಿ ಈಚೆ, ನಾನು ತೋರಿಸ್ತೀನಿ."

ಒಂದು ಚಾದರ ತಳ್ಳಿದ, ಎರಡನೆಯದು ತಳ್ಳಿದ. ಹಬೆ ಸ್ವಲ್ಪ ಸರಿಯಿತು. ಆಚೆ ತುದಿಯಲ್ಲಿ ಎರಡು ಕಣ್ಣುಗಳು ತನ್ನನ್ನು ನುಂಗುವಂತೆ ನೋಡುತ್ತಿರುವುದು ಷಡ್ಡಕನಿಗೆ ಕಂಡಿತು. "ಯಾಕಣ್ಣ ಹಂಗೆ ನೋಡ್ತೀಯ?" ಎಂದು ತಲೆಯೆತ್ತಿದ. ಮೂರನೆಯ ಚಾದರದ ಜೊತೆ ಬಿಳಿ ಕೋಟಿನ ತೋಳು ಹೋಯಿತು, ತೋಳಿನ ಜೊತೆ ಕೈ ಹೋಯಿತು.

ದೊಡ್ಡಮ್ಮ ಯಂತ್ರ ನಿಲ್ಲಿಸುವ ಕೆಂಪು ಗುಂಡಿಗೆ ಇಡೀ ಮೈಯಿಂದ ಬಡಿದಳು. ಯಂತ್ರ ನಿಂತಿತು. ಕೋಟಿನ ತೋಳು ಆಚೆ ಕಡೆಯಿಂದ ಗರಿಗರಿಯಾಗಿ ಹೊರಬಂತು. ಕೈ ಹಾಗೆ ಬರಲಿಲ್ಲ; ಬೆರಳುಗಳು ಬೆಂದಿದ್ದವು.

ಆಮೇಲೆ ಎಲ್ಲರೂ ಒಟ್ಟಿಗೆ ತಿರುಗಿ ಗಂಜಿರಾಯನ ಕಡೆ ನೋಡಿದರು.

"ಶನಿ ನೋಡಿದ," ಎಂದರು ಯಜಮಾನರು, ನಿಟ್ಟುಸಿರಿನಂತೆ. ಅದರಲ್ಲಿ ದುಃಖಕ್ಕಿಂತ ನೆಮ್ಮದಿ ಜಾಸ್ತಿ ಇತ್ತು.

ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿಕೊಂಡ ಷಡ್ಡಕನನ್ನು ಅತ್ತೆ ಹಠ ಹಿಡಿದು ತಮ್ಮ ಬಳಿಗೇ, ಎಂದರೆ ಗಂಜಿರಾಯನ ಮನೆಗೇ, ತರಿಸಿಕೊಂಡರು. ನಾದಿನಿ ಗಂಜಿರಾಯನನ್ನು ಬಾಗಿಲಲ್ಲೇ ತಡೆದಳು. "ಭಾವ, ನಿಮ್ಮ ಕಾಲಿಗೆ ಬೀಳ್ತೀನಿ, ಆ ಕಡೆ ತಿರುಗ್ಕೊಂಡು ಒಳಗೆ ಬನ್ನಿ." ಅವನು ಸ್ವಂತ ಮನೆಯೊಳಗೆ ಹಿಂದುಹಿಂದಾಗಿ ನಡೆದು ಬಂದ. ಅತ್ತೆ ಅವನ ಚಹಾವನ್ನು ಬಾಗಿಲ ಸಂದಿಯಿಂದ ನೂಕಿದರು. ಹೆಂಡತಿ ಒಬ್ಬಳೇ ಎದುರಿಗೆ ಬಂದು ನಿಂತಳು.

"ನನ್ನ ಕಡೆ ನೋಡ್ರೀ. ಮದುವೆ ಆದಾಗಿಂದ ನೋಡಿಲ್ಲ. ಏನಾಗುತ್ತೋ ನಾನೂ ನೋಡ್ತೀನಿ."

"ಬೇಡ ಕಣೇ."

"ನಿಮ್ಮ ಕಣ್ಣಲ್ಲಿ ಅಷ್ಟು ಶಕ್ತಿ ಇದ್ದಿದ್ರೆ ಅಮ್ಮ ಇಷ್ಟೊತ್ತಿಗೆ ಇರ್ತಿದ್ಲಾ?" ಎಂದು ಪಿಸುಗುಟ್ಟಿ ಒಳಗೆ ಹೋದಳು.

ಗಂಜಿರಾಯ ಚಹಾ ಮುಟ್ಟದೆ ಕೂತ. ಹೌದು, ತಾನು ಬಯಸಿದ್ದ. ಆದರೆ ಬಯಸಿದ್ದು ಕುರ್ಚಿಯ ಕಾಲು ಮುರಿಯಲಿ ಎಂದು, ಇವನ ಕೈ ಬೇಯಲಿ ಎಂದಲ್ಲ. ಇಷ್ಟು ಪಶ್ಚಾತ್ತಾಪದ ನಡುವೆಯೂ, ಅತ್ತೆ ಷಡ್ಡಕನ ಬಾಯಿಗೆ ತಾವೇ ತುತ್ತಿಡುವುದನ್ನು ಬಾಗಿಲ ಸಂದಿಯಿಂದ ಕಂಡಾಗ, ತನಗೂ ಒಂದು ಸಣ್ಣ ಪಟ್ಟಿ ಕಟ್ಟಿದ್ದರೆ ಎಂದು ಅವನಿಗೆ ಅನಿಸಿಯೇ ಅನಿಸಿತು.

ಮರುದಿನ ಯಜಮಾನರು ತಮ್ಮ ಕೋಣೆಗೆ ಕರೆಸಿದರು. ಅವನು ಕಣ್ಣು ಕೆಳಗೆ ಹಾಕಿ ನಿಂತ. ಯಜಮಾನರ ಬೂಟು ಮಾತಾಡಿದಂತೆ ಕೇಳಿಸಿತು.

"ನಾಳೆ ಸರ್ಕಾರದಿಂದ ತಪಾಸಣೆ ಅಧಿಕಾರಿ ಬರ್ತಾರೆ. ನೀನು ಒಂದು ಮಾತು ಹೇಳ್ಬೇಕು. ಹೊಟ್ಟೆಕಿಚ್ಚಿಂದ ದುರುಗುಟ್ಟಿ ನೋಡ್ತಿದ್ದೆ, ಅವನ ಗಮನ ತಪ್ತು, ಕೈ ಹಾಕ್ದ. ಅಷ್ಟೇ. ಇದ್ರಲ್ಲಿ ಸುಳ್ಳೇನಾದ್ರೂ ಇದೆಯಾ?"

"ಸುಳ್ಳೇನೂ ಇಲ್ಲ ಯಜಮಾನ್ರೇ."

"ಗಮನ ಇಲ್ದೆ ಕೆಲಸ ಮಾಡೋನನ್ನ ನಾನು ಇಟ್ಕೊಳ್ಳೋಕಾಗಲ್ಲ. ಅವನು ಮನೆಗೆ ಹೋಗ್ತಾನೆ. ಕುರ್ಚಿ ನಿಂದು."

ಕುರ್ಚಿ! ಗಂಜಿರಾಯ ಒಂದು ಕ್ಷಣ ಬೂಟಿನ ಮೇಲಿನಿಂದ ಕಣ್ಣು ಕಿತ್ತ. "ಮುಖ ಬೇಡ, ಮುಖ ಬೇಡ!" ಎಂದು ಯಜಮಾನರು ಕೈ ಅಡ್ಡ ಹಿಡಿದರು. "ಇನ್ನೊಂದು. ಆ ದೊಡ್ಡಮ್ಮ ಕಂಬಿ ಗಿಂಬಿ ಅಂತ ಏನೋ ಒದರ್ತಾಳೆ. ಆ ಯಂತ್ರಕ್ಕೆ ಕಂಬೀನೇ ಇರಲಿಲ್ಲ."

"ಯಾವ ಕಂಬಿ?" ಎಂದ ಗಂಜಿರಾಯ, ನಿಜಕ್ಕೂ ತಿಳಿಯದೆ.

"ಭಲೇ! ಹಿಂಗೇ ಕೇಳು ನಾಳೆ."

ಸಂಜೆ ಮನೆಗೆ ಬಂದಾಗ ಷಡ್ಡಕ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಪಟ್ಟಿ ಕಟ್ಟಿದ ಕೈ ತೊಡೆಯ ಮೇಲಿತ್ತು. ಮೇಲಿನಿಂದ ಅತ್ತೆಯ ಕಾಲುಚೀಲದ ನೀರು ಅವನ ನೆತ್ತಿಗೆ ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳುತ್ತ ತಲೆಯೆತ್ತಿದವನು ಹಾಗೇ ಕಲ್ಲಾದ.

"ಅಣ್ಣ, ಇದು ಇಲ್ಲಿಗೆ ಹೆಂಗೆ ಬಂತು?"

"ಅದಾ? ಯಜಮಾನ್ರು ಕೊಟ್ಟದ್ದು. ಶನಿಗೆ ಕಬ್ಬಿಣ."

"ಇದು ನಮ್ಮ ಯಂತ್ರದ ಕಂಬಿ ಅಣ್ಣ. ಈ ಎರಡು ತೂತು ನೋಡು. ಇದು ಇದ್ದಿದ್ರೆ ನನ್ನ ಕೈ ಮೊದಲು ಇದಕ್ಕೆ ತಗುಲ್ತಿತ್ತು. ತಗುಲಿದ ಕೂಡಲೇ ಯಂತ್ರ ನಿಲ್ತಿತ್ತು. ನೀನಲ್ಲ, ಸಾಕ್ಷಾತ್ ಶನಿ ಬಂದು ನೋಡಿದ್ರೂ ನಿಲ್ತಿತ್ತು."

ಗಂಜಿರಾಯ ಕಾಲುಚೀಲಗಳನ್ನು ಸರಿಸಿ ಕಂಬಿಯನ್ನು ನೋಡಿದ. ಎಷ್ಟೋ ದಿನಗಳ ನಂತರ ಮೊದಲ ಬಾರಿಗೆ ಅವನು ಕುರ್ಚಿಯಲ್ಲದ ಒಂದು ವಸ್ತುವನ್ನು ನೋಡುತ್ತಿದ್ದ.

"ಬಿಚ್ಚಿದ್ದು ಯಾರು?"

ಷಡ್ಡಕ ನೆಲ ನೋಡಿದ. "ನಾನೇ. ಮೇಡಂ ಬಂದ ದಿನ ಬೆಳಿಗ್ಗೆ ಕರೆದು ಸ್ಪ್ಯಾನರ್ ಕೈಗೆ ಕೊಟ್ರು. ಬಿಚ್ಚು, ನಿನ್ನನ್ನ ಮೇಸ್ತ್ರಿ ಮಾಡ್ತೀನಿ ಅಂದ್ರು. ಗುರುಗ್ರಹ ಎಲ್ಲ ಆಮೇಲೆ ಬಂದದ್ದು."

ಗಂಜಿರಾಯನ ಹೊಟ್ಟೆಯಲ್ಲಿ ಹಳೆಯ ಉರಿ ತಾನಾಗಿ ಎದ್ದಿತು. "ನನ್ನನ್ನ ಯಾಕೆ ಕರೀಲಿಲ್ಲ?"

"ಕರೆದಿದ್ರೆ ನೀನು ಬಿಚ್ತಿರಲಿಲ್ವಾ ಅಣ್ಣ?"

ಒಂದು ಹನಿ ಬಿತ್ತು. ಇನ್ನೊಂದು ಹನಿ ಬಿತ್ತು. ಉತ್ತರ ಗಂಜಿರಾಯನಿಗೆ ಗೊತ್ತಿತ್ತು. ಬಿಚ್ಚುತ್ತಿದ್ದ. ಹಾಡು ಗುನುಗುತ್ತ ಬಿಚ್ಚುತ್ತಿದ್ದ.

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. "ಬಟ್ಟೆಗೆ ನಾನು ಹಗ್ಗ ಕಟ್ಕೊತೀನಿ," ಎಂದಳು.

ಮರುದಿನ ತಪಾಸಣೆ ಅಧಿಕಾರಿ ಬಂದಾಗ ಅವರಿಗೆ ನೆಗಡಿಯಾಗಿತ್ತು. ಹಬೆಗೆ ಕನ್ನಡಕ ಮಬ್ಬಾಗುವುದು, ಒರೆಸುವುದು, ಸೀನುವುದು, ಮತ್ತೆ ಮಬ್ಬಾಗುವುದು. ಬೇಗ ಮುಗಿಸಿ ಹೋದರೆ ಸಾಕೆಂದು ಅವರಿಗಿತ್ತು, ಬೇಗ ಕಳಿಸಿದರೆ ಸಾಕೆಂದು ಯಜಮಾನರಿಗಿತ್ತು. ಸರ್ಕಾರವೂ ಬಂಡವಾಳವೂ ಇಷ್ಟು ಸಲೀಸಾಗಿ ಒಂದಾಗಲು ಒಂದು ನೆಗಡಿ ಸಾಕು.

"ಕಣ್ಣಾರೆ ಕಂಡವನೇ ಬಂದು ಹೇಳ್ತಾನೆ ಸಾರ್," ಎಂದು ಯಜಮಾನರು ಬಾಗಿಲ ಕಡೆ ಕೈ ತೋರಿಸಿದರು.

ಬಾಗಿಲಿನಿಂದ ಮೊದಲು ಒಳಬಂದದ್ದು ಕಂಬಿ. ಅದರ ತುದಿ ಗೋಡೆಗೆ ಒರಗಿಸಿದ್ದ ದಿಂಬಿನ ಚೀಲಗಳನ್ನು ಪಟಪಟ ಕೆಡವಿತು. ಅದನ್ನು ನೋಡಲು ಗಂಜಿರಾಯ ತಿರುಗಿದ್ದಕ್ಕೆ ಇನ್ನೊಂದು ತುದಿ ಯಜಮಾನರ ಚಹಾ ಲೋಟವನ್ನು ಹೊತ್ತೊಯ್ದಿತು. ಕಂಬಿಯ ನಡುವೆ ಅತ್ತೆಯ ಒಂದು ಕಾಲುಚೀಲ ಇನ್ನೂ ನೇತಾಡುತ್ತಿತ್ತು. ಆತುರದಲ್ಲಿ ಅದನ್ನು ಯಾರೂ ಗಮನಿಸಿರಲಿಲ್ಲ. ಹಿಂದೆ ಪಟ್ಟಿ ಕಟ್ಟಿದ ಕೈಯೊಡನೆ ಷಡ್ಡಕ.

"ಏನಯ್ಯ ಅದು?" ಎಂದರು ಅಧಿಕಾರಿ.

"ಶನಿಗೆ ಕೊಟ್ಟ ಕಬ್ಬಿಣ ಸಾರ್. ಯಜಮಾನ್ರೇ ಎಲ್ಲರ ಮುಂದೆ ಕೊಟ್ರು. ದೊಡ್ಡಮ್ಮ, ಆ ತುದಿ ಹಿಡ್ಕೋ."

ದೊಡ್ಡಮ್ಮ ಹಿಡಿದಳು. ಯಂತ್ರದ ಬಾಯಿಯ ಎರಡೂ ಪಕ್ಕ ಖಾಲಿಯಾಗಿದ್ದ ಕಬ್ಬಿಣದ ಕಿವಿಗಳಿದ್ದವು. ಕಂಬಿ ಹೋಗಿ ಅಲ್ಲಿ ಕೂತಿತು. ತೂತಿಗೆ ತೂತು ಸೇರಿತು. ಕಾಲುಚೀಲ ಉರುಳೆಯ ಮುಂದೆ ಬಾವುಟದಂತೆ ಇಳಿಬಿತ್ತು.

ಅಧಿಕಾರಿ ಕನ್ನಡಕ ಒರೆಸಿದರು. ಮತ್ತೆ ಒರೆಸಿದರು. "ಈ ಯಂತ್ರಕ್ಕೆ ಕಂಬಿ ಇರಲಿಲ್ಲ ಅಂದ್ರಲ್ರೀ?"

"ಹೊಟ್ಟೆಕಿಚ್ಚಿಂದ ಮಾಡ್ತಿದಾನೆ ಸಾರ್!" ಯಜಮಾನರ ದನಿ ಹಬೆಗಿಂತ ಮೇಲೇರಿತು. "ಇಡೀ ಊರಿಗೆ ಗೊತ್ತು ಇವನ ಹೊಟ್ಟೆಕಿಚ್ಚು! ಕೇಳಿ ಅವನನ್ನೇ!"

"ಹೊಟ್ಟೆಕಿಚ್ಚು ನಂದೇ ಸಾರ್," ಎಂದ ಗಂಜಿರಾಯ. "ಬರ್ಕೊಳ್ಳಿ. ದಿನಾ ಬೆಳಿಗ್ಗೆಯಿಂದ ಸಂಜೆವರೆಗೆ ಪಡ್ತಿದ್ದೆ. ಈಗಲೂ ಇದೆ. ಮೊನ್ನೆ ನಮ್ಮತ್ತೆ ಅವನಿಗೆ ತುತ್ತು ಕೊಟ್ಟಾಗಲೂ ಪಟ್ಟೆ. ಆದ್ರೆ ಹೊಟ್ಟೆಕಿಚ್ಚಿಗೆ ಕೈ ಬೇಯಲ್ಲ ಸಾರ್, ಕಾದ ಉರುಳೆಗೆ ಬೇಯುತ್ತೆ. ಕಂಬಿ ಬಿಚ್ಚಿಸಿದ್ದು ನಾನಲ್ಲ. ಅದನ್ನೂ ಬರ್ಕೊಳ್ಳಿ."

"ಬಿಚ್ಚಿದ್ದು ಯಾರು ಮತ್ತೆ?"

ಷಡ್ಡಕನ ಮುಖ ಗಂಜಿ ಹಾಕಿದ ಚಾದರದಂತೆ ಬೆಳ್ಳಗಾಯಿತು. ಇಷ್ಟು ವರ್ಷಗಳ ಉರಿಗೆ ಒಂದೇ ಮಾತಿನಲ್ಲಿ ನೀರು ಬೀಳುವುದಿತ್ತು. ಒಂದು ಹೆಸರು ಹೇಳಿದರೆ ಸಾಕು, ಅತ್ತೆಯ ಬಾಯಿಗೆ ಶಾಶ್ವತ ಬೀಗ. ಗಂಜಿರಾಯ ಗಂಟಲು ಸರಿಮಾಡಿಕೊಂಡ. ಕಿಟಕಿಯ ಕೆಳಗಿನ ಕುರ್ಚಿಯನ್ನು ಕೊನೆಯ ಬಾರಿಗೆಂಬಂತೆ ನೋಡಿದ.

"ಸ್ಪ್ಯಾನರ್ ಯಾರ ಕೈಯಲ್ಲಿತ್ತೋ ನಾನು ನೋಡಿಲ್ಲ ಸಾರ್. ಬಿಚ್ಚು ಅಂದ ಬಾಯಿ ಯಾರದ್ದು ಅಂತ ಇಲ್ಲಿ ಎಲ್ಲರಿಗೂ ಗೊತ್ತು. ನೋಡು ಅಂದವರು ಒಬ್ಬರು, ತಲೆ ಹೋಗಿದ್ದು ಇನ್ನೊಬ್ಬರದು, ಹೆಸರು ಕೆಡೋದು ಶನಿದು. ಅವತ್ತು ಮೇಡಂ ಹೇಳಿದ್ರಲ್ಲ, ನನಗೆ ಈಗ ತಿಳೀತು."

"ಸುಳ್ಳು!" ಯಜಮಾನರು ಮೇಜು ಗುದ್ದಿದರು. "ನಾನಲ್ಲ ಸಾರ್! ಬಿಚ್ಚಿದ್ದು ಇವನ ಷಡ್ಡಕನೇ! ಬೇಕಾದ್ರೆ ಸ್ಪ್ಯಾನರ್ ತೋರಿಸ್ತೀನಿ!"

ಅಧಿಕಾರಿ ಸೀನಲು ಬಾಯಿ ತೆರೆದವರು ಸೀನುವುದನ್ನೇ ಮರೆತರು.

"ಇರಲೇ ಇಲ್ಲದ ಕಂಬೀನ," ಎಂದರು ನಿಧಾನವಾಗಿ, "ಬಿಚ್ಚಿದ್ದು ಹೆಂಗ್ರೀ?"

ದೊಡ್ಡಮ್ಮ ಮೊದಲು ನಕ್ಕಳು. ನಗು ಮಡಿಸುವ ಮೇಜುಗಳ ಮೇಲಿಂದ ಹಾದು ತೊಟ್ಟಿಯವರೆಗೆ ಹೋಯಿತು. ಷಡ್ಡಕ ಪಟ್ಟಿ ಕಟ್ಟಿದ ಕೈ ಮೇಲೆತ್ತಿ, "ನಾನೇ ಬಿಚ್ಚಿದ್ದು ಸಾರ್, ಅವರು ಹೇಳಿದ್ದಕ್ಕೆ," ಎಂದ. ಯಜಮಾನರು ಸುತ್ತ ನೋಡಿದರು. ಎಲ್ಲ ಕಣ್ಣುಗಳೂ ಅವರ ಮೇಲಿದ್ದವು. ಆದರೆ ಅವರು ಕಂಡದ್ದು ಎರಡನ್ನೇ. ಗಂಜಿರಾಯ ಅವರ ಮುಖವನ್ನೇ ನೋಡುತ್ತಿದ್ದ. ದುರುಗುಟ್ಟಿ ಅಲ್ಲ, ಕೋಪದಿಂದಲೂ ಅಲ್ಲ. ಎಷ್ಟೋ ವರ್ಷ ಕಣ್ಣೆದುರೇ ಇದ್ದೂ ನೋಡದ ವಸ್ತುವೊಂದನ್ನು ನೋಡುವಂತೆ, ನಿಧಾನವಾಗಿ, ಪೂರ್ತಿಯಾಗಿ.

ಯಜಮಾನರು ಒಂದು ಹೆಜ್ಜೆ ಹಿಂದೆ ಸರಿದರು. ಹಣೆಯಲ್ಲಿ ಬೆವರಿತ್ತು.

"ಏಯ್," ಎಂದರು. "ಹೇಳಿರಲಿಲ್ವಾ ನಿಂಗೆ? ಕಣ್ಣು ಕೆಳಗೆ ಹಾಕು."

"ಹಾಕಲ್ಲ," ಎಂದ ಗಂಜಿರಾಯ.